ಬೆಂಗಳೂರು ಮಧ್ಯಸ್ಥಿಕಾ ಕೇಂದ್ರ: ಡೈವೋರ್ಸ್ ರಾಜಿಗೆ ಎಷ್ಟು ಉಪಯೋಗ?

ಛಾಪಾ ಕಾಗದದ ಮೇಲೆ ಬರೆದು ನೋಟರಿ ಮುದ್ರೆ ಹಾಕಿಸಿದರೆ ಡೈವೋರ್ಸ್ ಆಯಿತು ಎನ್ನುವವರು ಈಗಲೂ ಸಿಗುತ್ತಾರೆ. ಹಿಂದೂ ವಿವಾಹ ಕಾಯ್ದೆಯಡಿ ಅದು ನಡೆಯದು. ಡಿಕ್ರಿ, ಅಂದರೆ ವಿಚ್ಛೇದನದ ಆದೇಶ, ಕೋರ್ಟಿನಿಂದಲೇ ಬರಬೇಕು. (ಸಮುದಾಯದ ರೂಢಿಗೆ ವಿನಾಯಿತಿ ಇದೆ, ಸಾಬೀತು ಮಾಡುವುದು ತಲೆನೋವು.) ಹೊರಗೆ ಮುಗಿಸಬಹುದಾದದ್ದು ಜಗಳ ಮಾತ್ರ. ಅದಕ್ಕೆ ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿ 2007ರಿಂದ ನಡೆಯುತ್ತಿರುವ ಮಧ್ಯಸ್ಥಿಕಾ ಕೇಂದ್ರ ಒಳ್ಳೆಯ ಜಾಗ. ಕೌಟುಂಬಿಕ ನ್ಯಾಯಾಲಯವೂ ಅಲ್ಲೇ ಇರುವುದರಿಂದ ಓಡಾಟ ಕಡಿಮೆ.

ಕೋರ್ಟು ಕಳಿಸಿದ ಪ್ರಕರಣಕ್ಕೆ ಮಧ್ಯಸ್ಥರ ಶುಲ್ಕವಿಲ್ಲ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳುತ್ತಾರೆ, ಆಮೇಲೆ ಬೇರೆಬೇರೆಯಾಗಿ. ಒಳಗೆ ಆಡಿದ ಮಾತು ನ್ಯಾಯಾಧೀಶರಿಗೆ ಹೋಗುವುದಿಲ್ಲ, ಹೀಗಾಗಿ ಅತ್ತೆ-ಮಾವನ ಎದುರು ಬಾಯಿ ಬಿಡದವರೂ ಜೀವನಾಂಶದ ಮೊತ್ತ ಹೇಳುತ್ತಾರೆ. ಒಂದು ಮಿತಿ: ಮಧ್ಯಸ್ಥರು ಯಾರ ಪರವೂ ಅಲ್ಲ. ಒಪ್ಪಿದ ಜೀವನಾಂಶ ಕಡಿಮೆಯಾಯಿತು ಎಂದು ಎಚ್ಚರಿಸುವುದು ನಿಮ್ಮ ವಕೀಲರ ಕೆಲಸ.

ರಾಜಿ ಮುರಿಯುವುದು ಹೆಚ್ಚಾಗಿ ಒಪ್ಪಂದದ ಬರವಣಿಗೆಯಲ್ಲಿ. 13ಬಿ (ಪರಸ್ಪರ ಒಪ್ಪಿಗೆಯ ಡೈವೋರ್ಸ್) ಅರ್ಜಿಗೆ ಒಂದು ವರ್ಷ ಬೇರೆ ಇದ್ದಿರಬೇಕು. ಒಂದೇ ಸೂರಿನಡಿ ಗಂಡ-ಹೆಂಡಿರಂತೆ ಬಾಳದಿದ್ದರೂ ಸಾಕು. ಮೊದಲ ಅರ್ಜಿಯಾಗಿ ಆರು ತಿಂಗಳ ಮೇಲೆ, ಹದಿನೆಂಟು ತಿಂಗಳ ಒಳಗೆ ಎರಡನೇ ಮೋಷನ್, ಅಂದರೆ ಇಬ್ಬರೂ ಮತ್ತೆ ಬಂದು ಡಿಕ್ರಿ ಕೇಳುವುದು. ಆ ನಡುವೆ ಒಬ್ಬರು ಒಪ್ಪಿಗೆ ಹಿಂತೆಗೆದರೆ ಡಿಕ್ರಿ ಇಲ್ಲ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಆದ್ದರಿಂದ ಹಣ ಪೂರ್ತಿ ಮೊದಲೇ ಕೊಡಬೇಡಿ, ಪೂರ್ತಿ ಕೊನೆಗೂ ಇಡಬೇಡಿ: ಒಂದು ಡಿಡಿ ಮೊದಲ ಅರ್ಜಿಗೆ, ಒಂದು ಎರಡನೇ ಮೋಷನ್‌ಗೆ, ಉಳಿದದ್ದು ಕ್ರಿಮಿನಲ್ ಕೇಸು ಮುಗಿದ ದಿನ. ಐಪಿಸಿ 498ಎ (ಹೆಂಡತಿಗೆ ಕ್ರೌರ್ಯ; 2024ರ ಜುಲೈನಿಂದ ಬಿಎನ್‌ಎಸ್ 85) ಕೇಸು ಇದ್ದರೆ ದೂರುದಾರರು "ವಾಪಸ್" ಎಂದರೆ ಮುಗಿಯದು, ಹೈಕೋರ್ಟಿನಲ್ಲಿ ಕ್ವಾಷ್ (ರದ್ದು) ಆಗಬೇಕು. ಯಾರು, ಎಷ್ಟು ದಿನದೊಳಗೆ ಅಫಿಡವಿಟ್ ಕೊಡಬೇಕು ಎಂಬುದನ್ನು ಬರೆಸಿ. ಬಾಕಿ ಇರುವ ಪ್ರತಿ ಕೇಸಿನ ನಂಬರು ಒಪ್ಪಂದದಲ್ಲಿರಲಿ. "ಎಲ್ಲ ಕೇಸುಗಳು" ಎಂಬ ಸಾಲಿನಿಂದಲೇ ಮುಂದೆ ಹೊಸ ಜಗಳ ಹುಟ್ಟುತ್ತದೆ.

ಫ್ಲ್ಯಾಟು ಬಿಟ್ಟುಕೊಡುವುದಿದ್ದರೆ ದಾನಪತ್ರ ಡಿಕ್ರಿಗೆ ಮೊದಲೇ ನೋಂದಣಿಯಾಗಲಿ. ಗಂಡ-ಹೆಂಡತಿ ನಡುವಿನ ದಾನಕ್ಕೆ ಮುದ್ರಾಂಕ ಶುಲ್ಕದ ರಿಯಾಯಿತಿ ಇದೆ, ಡಿಕ್ರಿಯ ಮರುದಿನ ಆ ಸಂಬಂಧವೇ ಇರುವುದಿಲ್ಲ. ಗೃಹಸಾಲ ಇದ್ದರೆ ಬ್ಯಾಂಕಿನ ಒಪ್ಪಿಗೆ ಮುಂಚೆಯೇ ಕೇಳಿ. ಮಗುವಿನ ಜೀವನಾಂಶವನ್ನು ತಾಯಿ ಬಿಟ್ಟುಕೊಟ್ಟರೂ ಮಗುವಿನ ಹಕ್ಕು ಹೋಗದು. ಭೇಟಿಗೆ "ಅನುಕೂಲವಾದಾಗ" ಎಂದು ಬರೆಯದೆ ವಾರ, ಗಂಟೆ, ದಸರಾ ರಜೆ, ಪಾಸ್‌ಪೋರ್ಟ್ ಸಹಿ ಎಲ್ಲವನ್ನೂ ಬಿಡಿಸಿ ಬರೆಯಿರಿ.

ಆರು ತಿಂಗಳು ಕಾಯಲೇಬೇಕೆಂದಿಲ್ಲ. ಅಮರ್‌ದೀಪ್ ಸಿಂಗ್ ಪ್ರಕರಣದ (2017) ತೀರ್ಪಿನಂತೆ ಮೊದಲ ಅರ್ಜಿಯಾಗಿ ಒಂದು ವಾರದ ನಂತರ ವಿನಾಯಿತಿ ಕೇಳಬಹುದು. ಆದರೆ ಬೇರೆ ಇರಬೇಕಾದ ಒಂದು ವರ್ಷ, ಕಾಯಬೇಕಾದ ಆರು ತಿಂಗಳು ಸೇರಿ ಒಂದೂವರೆ ವರ್ಷ ಮೊದಲ ಅರ್ಜಿಗೆ ಮುಂಚೆಯೇ ಕಳೆದಿರಬೇಕು, ಒಂದುಗೂಡಿಸುವ ಯತ್ನ ವಿಫಲವಾಗಿರಬೇಕು, ಹಣ-ಮಗುವಿನ ವಿಷಯ ಇತ್ಯರ್ಥವಾಗಿರಬೇಕು. ಕೊಡುವುದು ಬಿಡುವುದು ನ್ಯಾಯಾಧೀಶರ ವಿವೇಚನೆ.

ಡಿಕ್ರಿಯಾದ ಕೂಡಲೇ ದೃಢೀಕೃತ ಪ್ರತಿಗೆ ಅರ್ಜಿ ಹಾಕಿ, ಎರಡು-ಮೂರು ಪ್ರತಿ ತೆಗೆದಿಡಿ. ಮರುಮದುವೆಯ ನೋಂದಣಿಗೆ ಜೆರಾಕ್ಸ್ ನಡೆಯುವುದಿಲ್ಲ.