ಹಳೆಯ ಯಮಾಹಾ ಬ್ಯಾನ್‌ಶೀ 350: ದುಡ್ಡು ಕೊಡುವ ಮುನ್ನ ನೋಡಬೇಕಾದ್ದು

ಅಮೆರಿಕದಲ್ಲಿ ಟೂ-ಸ್ಟ್ರೋಕ್ ಸ್ಪೋರ್ಟ್ ಕ್ವಾಡ್ (ಬೈಕಿನಂತೆ ಹ್ಯಾಂಡಲ್ ಹಿಡಿದು ಓಡಿಸುವ ನಾಲ್ಕು ಚಕ್ರದ ಆಫ್‌ರೋಡ್ ಗಾಡಿ) ಅಂದರೆ ಮೊದಲು ಬಾಯಿಗೆ ಬರುವ ಹೆಸರು ಬ್ಯಾನ್‌ಶೀ. ಅಲ್ಲಿ 1987ರಿಂದ 2006ರವರೆಗೆ ಮಾರಾಟವಾದ ಗಾಡಿ. ಈಗ ಸಿಗುವುದೆಲ್ಲ ಸೆಕೆಂಡ್ ಹ್ಯಾಂಡ್, ಅದರಲ್ಲೂ ಬಹುಪಾಲು ಯಾರಾದರೊಬ್ಬರು ಎಂಜಿನ್‌ಗೆ ಕೈ ಹಾಕಿರುವುದೇ. ನಮ್ಮ ರಾಜದೂತ್ 350 ಬಲ್ಲವರಿಗೆ ಇದರ ಅಳತೆ ಹೊಸದಲ್ಲ: 64 ಮಿ.ಮೀ. ಬೋರ್, 54 ಮಿ.ಮೀ. ಸ್ಟ್ರೋಕ್, ಎರಡು ಸಿಲಿಂಡರ್, 347 ಸಿಸಿ. ಅದು ಗಾಳಿಗೆ ತಣಿಯುತ್ತಿತ್ತು, ಇದಕ್ಕೆ ರೇಡಿಯೇಟರ್ ಇದೆ. ಆರು ಗೇರ್. ಸೆಲ್ಫ್ ಸ್ಟಾರ್ಟ್ ಇಲ್ಲ, ರಿವರ್ಸ್ ಇಲ್ಲ, ಬ್ಯಾಟರಿಯೂ ಇಲ್ಲ. ಕಿಕ್ಕರ್ ಒಂದೇ ಗತಿ.

ಎಲ್ಲಿ ಓಡಿಸುತ್ತೀರಿ ಅನ್ನುವುದನ್ನು ಮೊದಲೇ ತೀರ್ಮಾನಿಸಿ. ಕ್ಯಾಲಿಫೋರ್ನಿಯಾದ ಗ್ಲಾಮಿಸ್, ಮಿಶಿಗನ್‌ನ ಸಿಲ್ವರ್ ಲೇಕ್‌ನಂಥ ಮರಳುದಿಣ್ಣೆಗಳಲ್ಲಿ ಇದರ ಆಟವೇ ಬೇರೆ. ಕಾಡಿನ ಇಕ್ಕಟ್ಟು ದಾರಿಗೆ ಮಾತ್ರ ತಂದುಕೊಳ್ಳಬೇಡಿ. ಕೆಳಗಿನ ಆರ್‌ಪಿಎಂನಲ್ಲಿ ಎಳೆತವೇ ಇಲ್ಲ, ಮೇಲೆ ಹೋದಾಗ ಒಮ್ಮೆಲೇ ನುಗ್ಗುತ್ತದೆ. ರೇಡಿಯೇಟರ್‌ಗೆ ಫ್ಯಾನ್ ಇಲ್ಲದ್ದರಿಂದ ಮೆಲ್ಲಗೆ ಓಡಿಸಿದಷ್ಟೂ ಬಿಸಿಯೇರುತ್ತದೆ.

ಗಾಡಿ ನೋಡಲು ಹೋದಾಗ ಮೊದಲು ಸೈಲೆನ್ಸರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಎಂದರ್ಥ. ತಣ್ಣಗಾಗುವವರೆಗೆ ಕಾಯಿರಿ, ಇಲ್ಲವೇ ಇನ್ನೊಂದು ದಿನ ಬನ್ನಿ. ತಣ್ಣಗಿದ್ದಾಗ ಚೋಕ್ ಎಳೆದು ನಾಲ್ಕೈದು ಕಿಕ್‌ನೊಳಗೆ ಹತ್ತಿಕೊಳ್ಳಬೇಕು. ಹತ್ತಿದ ಮೇಲೆ ಕೇಳುವ ಗಲಗಲ ಸದ್ದು ಕ್ಲಚ್ ಹಿಡಿದಾಗ ನಿಂತರೆ ಅದು ಕ್ಲಚ್ ಬಾಸ್ಕೆಟ್‌ನದು, ಗಾಬರಿ ಬೇಡ. ಕ್ಲಚ್ ಹಿಡಿದರೂ ನಿಲ್ಲದ ಗಡುಸಾದ ಬಡಿತ ಕ್ರ್ಯಾಂಕ್‌ನದ್ದಾಗಿರಬಹುದು (ಪಿಸ್ಟನ್‌ಗಳ ಏರಿಳಿತವನ್ನು ತಿರುಗುವಿಕೆಯಾಗಿ ಬದಲಿಸುವ ದಂಡ).

ಆಮೇಲೆ ಕಂಪ್ರೆಷನ್. ಎರಡೂ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ಒತ್ತಿಟ್ಟು, ಗೇಜಿನ ಮುಳ್ಳು ಮೇಲೇರುವುದು ನಿಲ್ಲುವವರೆಗೆ ಕಿಕ್ ಹೊಡೆಯಿರಿ. ಕಂಪನಿ ಹೆಡ್ ಇರುವ ಎಂಜಿನ್ 120 ಪಿಎಸ್‌ಐ (ಒತ್ತಡದ ಅಳತೆ) ಆಸುಪಾಸು ತೋರಿಸುತ್ತದೆ. ಎತ್ತರದ ಊರುಗಳಲ್ಲಿ ಇನ್ನೂ ಕಡಿಮೆ. ಆದರೆ ಅಂಕಿಗಿಂತ ಮುಖ್ಯ ಎರಡೂ ಸಿಲಿಂಡರ್ ಸಮವಾಗಿರುವುದು. ಶೇ. 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಒಂದು ಕಡೆ ರಿಂಗ್ ಸವೆದಿದೆ, ಇಲ್ಲವೇ ಒಮ್ಮೆ ಸೀಜ್ ಆಗಿದೆ, ಅಂದರೆ ಬಿಸಿಗೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿದೆ. ಎಕ್ಸಾಸ್ಟ್ ಪೈಪ್ ಬಿಚ್ಚಿ ಪೋರ್ಟ್‌ನೊಳಗೆ ಟಾರ್ಚ್ ಬಿಟ್ಟರೆ ಪಿಸ್ಟನ್ ಪಕ್ಕೆ ಕಾಣುತ್ತದೆ. ಮೇಲಿಂದ ಕೆಳಕ್ಕೆ ಗೀಚಿದ ಗೆರೆಗಳಿದ್ದರೆ ಬೇರೆ ಸಾಕ್ಷಿ ಬೇಡ.

ಕಂಪ್ರೆಷನ್ ಚೆನ್ನಾಗಿದೆ ಎಂದು ಇಲ್ಲಿಗೇ ನಿಲ್ಲಿಸುವವರೇ ಜಾಸ್ತಿ. ಈ ಎಂಜಿನ್ ಕೊಲ್ಲುವುದು ಹೆಚ್ಚಾಗಿ ಗಾಳಿ ಸೋರಿಕೆ, ಅದು ಕಂಪ್ರೆಷನ್ ಗೇಜಿಗೆ ಕಾಣುವುದಿಲ್ಲ. ಎಡಗಡೆ ಸ್ಟೇಟರ್ (ಕರೆಂಟ್ ಹುಟ್ಟಿಸುವ ಕಾಯಿಲ್) ಹಿಂದಿನ ಕ್ರ್ಯಾಂಕ್ ಸೀಲ್ ಒಣಗಿ ಬಿರುಕು ಬಿಟ್ಟರೆ ಅಲ್ಲಿಂದ ಬರೀ ಗಾಳಿ ಒಳಸೇರಿ ಮಿಕ್ಸ್ಚರ್ ತೆಳುವಾಗುತ್ತದೆ. ಫುಲ್ ಥ್ರಾಟಲ್‌ನಲ್ಲಿ ಆ ಕಡೆಯ ಪಿಸ್ಟನ್ ಕರಗಿ ತೂತಾಗುತ್ತದೆ. ಬಲಗಡೆಯದು ಹೋದರೆ ಗೇರ್ ಆಯಿಲನ್ನು ಎಳೆದುಕೊಂಡು ನಿಲ್ಲದೆ ಹೊಗೆಯಾಡುತ್ತದೆ. ಎರಡು ಇನ್‌ಟೇಕ್ ರಬ್ಬರುಗಳನ್ನು ಜೋಡಿಸುವ ಅಡ್ಡ ಪೈಪೂ ಸೋರುವ ಜಾಗವೇ. ಕಂಡುಹಿಡಿಯುವ ದಾರಿ ಒಂದೇ: ಕಾರ್ಬ್ಯುರೇಟರ್ ತೆಗೆದು ಇನ್‌ಟೇಕ್ ಮತ್ತು ಎಕ್ಸಾಸ್ಟ್ ಬಾಯಿಗಳನ್ನು ಮುಚ್ಚಿ, 6 ಪಿಎಸ್‌ಐ ಗಾಳಿ ತುಂಬಿ, 6 ನಿಮಿಷ ಗೇಜ್ ನೋಡುವುದು. ನಿಮಿಷಕ್ಕೆ 1 ಪಿಎಸ್‌ಐಗಿಂತ ಹೆಚ್ಚು ಇಳಿದರೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುವ ಜಾಗ ಹುಡುಕಿ. ಜೋರಾಗಿ ಗಾಳಿ ತುಂಬಬೇಡಿ, ಸರಿಯಾಗಿರುವ ಸೀಲೂ ಕಿತ್ತು ಬಂದೀತು. ಮಾರುವವರು ಈ ಪರೀಕ್ಷೆಗೆ ಒಪ್ಪದಿದ್ದರೆ ಪೂರ್ತಿ ಎಂಜಿನ್ ಕೆಲಸದ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಿ.

ಗೇರ್ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ವಾಟರ್ ಪಂಪ್ ಸೀಲ್ ಹೋಗಿ ಕೂಲೆಂಟ್ ಒಳಗೆ ಇಳಿದಿದೆ. ಪಂಪಿನ ಪ್ಲಾಸ್ಟಿಕ್ ಇಂಪೆಲ್ಲರ್ ಶಾಫ್ಟ್ ಮೇಲೆ ಸಡಿಲವಾಗಿ ಸುಮ್ಮನೆ ಜಾರುವುದೂ ಉಂಟು. ಹಣ ಉಳಿದರೆ ಮೊದಲು ಅಲ್ಯೂಮಿನಿಯಂ ಇಂಪೆಲ್ಲರ್ ಹಾಕಿಸಿ. ಎಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಕ್ಯಾಪ್ ತೆಗೆದಿಟ್ಟು ಸ್ಟಾರ್ಟ್ ಮಾಡಿ. ಬಿಡದೆ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ.

ಟಾರ್ಸ್ ಅನ್ನುವ ವ್ಯವಸ್ಥೆಯ ಬಗ್ಗೆ ಕೇಳದೆ ಬರಬೇಡಿ. ಹೆಬ್ಬೆರಳ ಥ್ರಾಟಲ್ ಬಿಟ್ಟರೂ ಕಾರ್ಬ್ಯುರೇಟರ್ ಸ್ಲೈಡ್ ಕೆಳಗಿಳಿಯದಿದ್ದರೆ ಕರೆಂಟ್ ಕತ್ತರಿಸಿ ಎಂಜಿನನ್ನು ತಡೆಯಲು ಯಮಾಹಾ ಇಟ್ಟದ್ದು. ಹಳೆಯದಾದಂತೆ ಸ್ವಿಚ್‌ಗಳು ಕೆಟ್ಟು, ಕಾರಣವಿಲ್ಲದೆ ಮಿಸ್ಸಿಂಗ್ ಶುರುವಾಗುತ್ತದೆ. ಅದಕ್ಕೇ ಹೆಚ್ಚಿನವರು ಕಿತ್ತು ಹಾಕಿರುತ್ತಾರೆ. ಕಿತ್ತಿದ್ದಕ್ಕೆ ತಕರಾರಿಲ್ಲ, ಅರ್ಧಂಬರ್ಧ ಕಿತ್ತು ವೈರು ತಿರುಚಿ ಟೇಪ್ ಸುತ್ತಿದ್ದರೆ ತಕರಾರು. ಹ್ಯಾಂಡಲ್ ಅನ್ನು ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಐಡಲ್ ಏರಬಾರದು, ಥ್ರಾಟಲ್ ಬಿಟ್ಟೊಡನೆ ಟಕ್ ಎಂದು ಹಿಂದಕ್ಕೆ ಬರಬೇಕು. ಕಿಲ್ ಸ್ವಿಚ್ ಒತ್ತಿ ನೋಡುವುದೂ ಆಗಲೇ.

ಮಾಡಿಫೈ ಮಾಡಿದ ಗಾಡಿಯಾದರೆ ಬಿಲ್ಲು ಕೇಳಿ. ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಹರಿವನ್ನು ಅಳೆದು ಬಿಡುವ ಜೆಟ್‌ಗಳಲ್ಲಿ ಕಂಪನಿಯ ಮೇನ್ ಜೆಟ್ 200, ಪೈಲಟ್ 25. ಪೈಪ್ ಮತ್ತು ಓಪನ್ ಫಿಲ್ಟರ್ ಹಾಕಿ 200ರಲ್ಲೇ ಬಿಟ್ಟಿದ್ದರೆ ಅದು ಸೀಜ್ ಆಗಲು ಕಾಯುತ್ತಿರುವ ಎಂಜಿನ್. 4 ಮಿ.ಮೀ. ಸ್ಟ್ರೋಕರ್ ಕ್ರ್ಯಾಂಕ್ (ಸ್ಟ್ರೋಕ್ ಉದ್ದ ಮಾಡುವ ಕ್ರ್ಯಾಂಕ್), ದೊಡ್ಡ ಡೋಮ್ (ಹೆಡ್‌ನೊಳಗಿನ ಉರಿಯುವ ಕೋಣೆಯ ಬಿಡಿಭಾಗ) ಎಂದೆಲ್ಲ ಹೆಮ್ಮೆಯಿಂದ ಹೇಳಿದರೆ ಯಾರು ಜೋಡಿಸಿದ್ದು, ಯಾವ ಪೆಟ್ರೋಲ್ ಬೇಕು ಎಂದು ಕೇಳಿಕೊಳ್ಳಿ. ರೇಸ್ ಪೆಟ್ರೋಲ್ ಇಲ್ಲದೆ ನಡೆಯದ ಗಾಡಿ ಮನೆಮಂದಿಗಲ್ಲ. ಸಿಲಿಂಡರ್‌ಗೆ ಎರಕದ ಕಬ್ಬಿಣದ ಸ್ಲೀವ್ ಇರುವುದರಿಂದ ಬೋರ್ ಮಾಡಿಸಬಹುದು, ಆದರೆ 66 ಮಿ.ಮೀ. ಹತ್ತಿರ ಬಂದಿದ್ದರೆ ಇನ್ನು ಬೋರ್ ಇಲ್ಲ, ಸ್ಲೀವ್ ಬದಲಿಸಬೇಕು. ಪಿಸ್ಟನ್ ತಲೆಯ ಮೇಲೆ ಸೈಜ್ ಕೆತ್ತಿರುತ್ತದೆ. ನಮ್ಮ ಆಯ್ಕೆ ಯಾವಾಗಲೂ ಪೇಂಟ್ ಮಾಸಿದ, ಕಂಪನಿ ಕ್ರ್ಯಾಂಕ್ ಇರುವ ಗಾಡಿಯೇ.

ಚಾಸಿಯಲ್ಲಿ ಎ-ಆರ್ಮ್ (ಮುಂದಿನ ಚಕ್ರಗಳ ಸಸ್ಪೆನ್ಷನ್ ತೋಳು) ಹಿಡಿಯುವ ಕಿವಿಗಳು, ಫುಟ್‌ಪೆಗ್ ಸುತ್ತ, ಸ್ವಿಂಗ್‌ಆರ್ಮ್ ಪಿವಟ್ ಬಳಿ ಬಿರುಕು ಅಥವಾ ವೆಲ್ಡಿಂಗ್ ಇದೆಯೇ ನೋಡಿ. ಹಿಂದಿನ ಚಕ್ರ ಹಿಡಿದು ಅಲುಗಾಡಿಸಿ. ಆಟವಿದ್ದರೆ ಆಕ್ಸಲ್ ಬೇರಿಂಗ್.

ಆಯಿಲ್ ಪಂಪ್ ಇಲ್ಲ, 2ಟಿ ಆಯಿಲನ್ನು ಟ್ಯಾಂಕಿಗೆ ಹಾಕುವ ಮುಂಚೆಯೇ ಪೆಟ್ರೋಲಿಗೆ ಬೆರೆಸಬೇಕು. ಸಾಮಾನ್ಯ ಅಳತೆ 32ಕ್ಕೆ 1: ಲೀಟರ್‌ಗೆ 31 ಎಂಎಲ್, ಅಮೆರಿಕನ್ ಗ್ಯಾಲನ್‌ಗೆ 4 ಔನ್ಸ್. ಆಯಿಲ್ ಕಡಿಮೆ ಹಾಕಿ ಹೊಗೆ ತಪ್ಪಿಸುತ್ತೇನೆ ಅನ್ನುವ ಲೆಕ್ಕಾಚಾರ ಇಲ್ಲಿ ನಡೆಯದು.

ಹೋಂಡಾ ಟಿಆರ್‌ಎಕ್ಸ್ 250ಆರ್ (1986ರಿಂದ 1989) ತಿರುವುಗಳಲ್ಲಿ ಇದಕ್ಕಿಂತ ಚೆನ್ನ, ಆದರೆ ಕಂಪನಿ ಬಿಡಿಭಾಗ ಹುಡುಕುವುದು ಕಷ್ಟ. ಸುಝುಕಿಯ 500 ಸಿಸಿ ಕ್ವಾಡ್‌ಝಿಲ್ಲಾ ಕಲೆಕ್ಟರ್‌ಗಳ ಗಾಡಿ. ಮೊದಲ ಟೂ-ಸ್ಟ್ರೋಕ್ ಕ್ವಾಡ್ ಬೇಕೆನ್ನುವವರು ಯಮಾಹಾ ಬ್ಲಾಸ್ಟರ್ ನೋಡಬಹುದು: ಒಂದೇ ಸಿಲಿಂಡರ್, 195 ಸಿಸಿ, ಏರ್ ಕೂಲ್ಡ್, ಎಂಜಿನ್ ಬಿಚ್ಚಿಸಿದರೂ ಅರ್ಧ ಕೆಲಸ. ಬ್ಯಾನ್‌ಶೀಗೆ ಬಿಡಿಭಾಗ ಈಗಲೂ ಧಾರಾಳ, ಇದೊಂದು ವಿಷಯದಲ್ಲಿ ಉಳಿದವೆಲ್ಲಕ್ಕಿಂತ ಮುಂದು. ಕದ್ದ ಗಾಡಿಗಳೂ ತಿರುಗುತ್ತಿರುವುದರಿಂದ ಚಾಸಿ ನಂಬರ್ ಟೈಟಲ್‌ಗೆ (ಮಾಲೀಕತ್ವದ ದಾಖಲೆ) ಹೊಂದದಿದ್ದರೆ ಎಷ್ಟೇ ಅಗ್ಗವಾದರೂ ಕೈಬಿಡಿ.