ಹಳೇ ಜೀಪಿನ ತುಕ್ಕು: ಜೆಲ್ಲಿಯೋ, ಫೈಬರ್ರೋ, ವೆಲ್ಡಿಂಗೋ?

ಸಕಲೇಶಪುರದ ಕಡೆ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡುವುದಿಲ್ಲ. ನಮ್ಮ ತೋಟದ ಹಳೇ ಮಹೀಂದ್ರಾ ಎಂಎಂ 540 ಜೀಪಿನ ರಬ್ಬರ್ ಮ್ಯಾಟ್ ಅಡಿ ನೀರು ನಿಂತು ನಿಂತು ಫ್ಲೋರ್ ತಗಡು ಅಲ್ಲಲ್ಲಿ ತಿಂದು ಹೋಗಿತ್ತು. ಮನೆಯಲ್ಲೇ ರಿಪೇರಿಗೆ ಇಳಿದೆ. ಒಂದೊಂದು ಕಡೆ ಒಂದೊಂದು ವಿಧಾನ ಮಾಡಿ, ಮಳೆಗಾಲ ಮುಗಿಯುವವರೆಗೆ ಬಿಟ್ಟು ನೋಡಿದೆ.

ಯಾವುದಕ್ಕೂ ಮೊದಲು ಸ್ಕ್ರೂಡ್ರೈವರ್ ತುದಿಯಿಂದ ತುಕ್ಕಿನ ಮೇಲೆ ಜೋರಾಗಿ ಒತ್ತಿ. ತಗಡು ಗಟ್ಟಿಯಾಗಿ ನಿಂತರೆ ಅದು ಬರೀ ಮೇಲ್ತುಕ್ಕು. ಚುಚ್ಚಿ ಒಳಗೆ ಹೋದರೆ ಅಲ್ಲಿ ಕಬ್ಬಿಣವೇ ಉಳಿದಿಲ್ಲ, ಬಣ್ಣ ಬಳಿದು ಪ್ರಯೋಜನವಿಲ್ಲ.

ಮೇಲ್ತುಕ್ಕಿಗೆ ಎಡಗಡೆ ಮಡ್‌ಗಾರ್ಡಿನ ಒಳಮೈಯನ್ನು ಗ್ರೈಂಡರ್‌ನ ವೈರ್ ಕಪ್‌ನಲ್ಲಿ (ತಂತಿಯ ಬ್ರಷ್) ಉಜ್ಜಿ, ಪೇಂಟ್‌ಗೆ ಮುಂಚೆ ಬಳಿಯುವ ರೆಡ್ ಆಕ್ಸೈಡ್ ಪ್ರೈಮರ್ ಹೊಡೆದೆ. ಬಲಗಡೆ ಉಜ್ಜಿದ ಮೇಲೆ ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ರಿಮೂವರ್ ಜೆಲ್ಲಿ ಬಳಿದು, ತೊಳೆದು, ಚೆನ್ನಾಗಿ ಒಣಗಿಸಿ, ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್ ಹೊಡೆದೆ. ಮೇಲಿನ ಪೇಂಟ್ ಎರಡಕ್ಕೂ ಒಂದೇ. ವೈರ್ ಕಪ್ ಉಜ್ಜಿದರೆ ತಗಡು ಹೊಳೆಯುತ್ತೆ ನಿಜ, ಆದರೆ ಹತ್ತಿರದಿಂದ ನೋಡಿದರೆ ಸಣ್ಣ ಗುಳಿಗಳಲ್ಲಿ ಕಪ್ಪು ಚುಕ್ಕಿ ಹಾಗೇ ಇರುತ್ತೆ. ಆಸಿಡ್ ಆ ಗುಳಿಗೂ ಇಳಿಯುತ್ತೆ. ಮಳೆ ಮುಗಿಯುವಷ್ಟರಲ್ಲಿ ಎಡಗಡೆ ಆ ಚುಕ್ಕಿಗಳಿಂದಲೇ ಕಂದು ನೀರು ಇಳಿಯಲು ಶುರುವಾಗಿತ್ತು. ಬಲಗಡೆ ಏನೂ ಇಲ್ಲ. ದುಡ್ಡು ಜಾಸ್ತಿಯಾದರೂ ನನ್ನ ಓಟು ಎಪಾಕ್ಸಿಗೇ. ಆಸಿಡ್ ಮಾತ್ರ ಪೂರ್ತಿ ತೊಳೆದು ಹೋಗಿರಬೇಕು, ಇಲ್ಲದಿದ್ದರೆ ಪ್ರೈಮರ್ ಸರಿಯಾಗಿ ಹಿಡಿಯುವುದಿಲ್ಲ.

ತೂತು ಬಿದ್ದ ಕಡೆ ಕಥೆಯೇ ಬೇರೆ. ಗಾಜಿನ ನಾರಿನ ಫೈಬರ್ ಮ್ಯಾಟ್ ಇಟ್ಟು, ಒಣಗಿದರೆ ಗಟ್ಟಿಯಾಗುವ ರೆಸಿನ್ ಬಳಿಯುವುದು ಸುಲಭ, ಬೆಂಕಿಯ ಭಯವಿಲ್ಲ, ಒಂದೇ ದಿನದಲ್ಲಿ ಕೆಲಸ ಮುಗಿಯುತ್ತೆ. ಆದರೆ ಜೀಪಿನ ಫ್ಲೋರ್ ಹಳ್ಳಕ್ಕೆ ಇಳಿದಾಗಲೆಲ್ಲ ಅಲುಗಾಡುತ್ತೆ ಅಲ್ವಾ? ಫೈಬರ್ ಅಂಚು ಎದ್ದು, ಅದರಡಿ ನೀರು ಸೇರಿ, ಪಕ್ಕದ ಒಳ್ಳೇ ತಗಡೂ ತುಕ್ಕು ಹಿಡಿಯಿತು. ಬಾಡಿಯನ್ನು ಚಾಸಿಸ್‌ಗೆ ಬೋಲ್ಟ್ ಮಾಡುವ ಜಾಗಕ್ಕಂತೂ ಫೈಬರ್ ಯೋಚನೆಯನ್ನೇ ಮಾಡಬೇಡಿ.

ಇನ್ನೊಂದು ತೂತಿಗೆ, ಒಳ್ಳೇ ತಗಡು ಸಿಗುವವರೆಗೂ ಕತ್ತರಿಸಿ 18 ಗೇಜ್ (ಸುಮಾರು 1.2 ಮಿ.ಮೀ. ದಪ್ಪ) ತಗಡಿನ ಪ್ಯಾಚ್ ಕೂರಿಸಿದೆ. ಇಷ್ಟು ತೆಳು ತಗಡಿಗೆ ಆರ್ಕ್ ವೆಲ್ಡಿಂಗ್ ಹಿಡಿದರೆ ಸುಲಭವಾಗಿ ತೂತು ಬೀಳುತ್ತೆ, ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಬಿಟ್ಟು ಸಣ್ಣ ತಂತಿಯಿಂದ ಮಾಡುವ ಸಿಒಟು (CO2) ವೆಲ್ಡಿಂಗೇ ಸರಿ. ಒಂದೇ ಗೆರೆ ಎಳೆಯದೆ, ಆ ಕಡೆ ಒಂದು ಈ ಕಡೆ ಒಂದು ಅಂತ ಚುಕ್ಕಿ ಹಾಕುತ್ತಾ ಬಂದರೆ ತಗಡು ಡೊಂಕಾಗುವುದಿಲ್ಲ. ಬ್ಯಾಟರಿ ವೈರ್ ಬಿಚ್ಚಿ, ಡೀಸೆಲ್ ಟ್ಯಾಂಕ್ ಇಳಿಸಿ ದೂರ ಇಟ್ಟ ಮೇಲೇ ಈ ಕೆಲಸಕ್ಕೆ ಕೈ ಹಾಕಿ.

ಅಡಿಭಾಗಕ್ಕೆ ಡಾಂಬರಿನಂಥ ದಪ್ಪ ಕೋಟಿಂಗ್ ನೋಡಲು ಚೆಂದ. ಕಲ್ಲು ಬಡಿದು ಬಿರುಕು ಬಿಟ್ಟರೆ ನೀರು ಒಳಗೇ ಉಳಿದು, ತುಕ್ಕು ಕಣ್ಣಿಗೇ ಬೀಳುವುದಿಲ್ಲ. ವ್ಯಾಕ್ಸ್ ಸ್ಪ್ರೇ ವರ್ಷಾ ವರ್ಷಾ ಮಳೆಗೆ ಮುಂಚೆ ಹೊಡೆಯಬೇಕು, ಆದರೂ ನನಗೆ ಅದೇ ಹಿಡಿಸಿತು. ಏನೇ ಹೊಡೆದರೂ ಚಾಸಿಸ್‌ನ ನೀರಿಳಿಯುವ ತೂತುಗಳಿಗೆ ಕೊನೆಯಲ್ಲಿ ಒಂದು ತಂತಿ ಆಡಿಸಿ, ಮುಚ್ಚಿಹೋಗಿಲ್ಲವಾ ನೋಡಿಕೊಳ್ಳಿ.