ಟೆನರ್ ಯುಕುಲೆಲೆಗೆ ಲೋ ಜಿ ತಂತಿ: ಕಾರವಾರದ ಉಪ್ಪುಗಾಳಿಗೆ ಯಾವುದು ತಡೆಯುತ್ತದೆ?

ಯುಕುಲೆಲೆ ಎಂದರೆ ಗಿಟಾರ್ ಹೋಲುವ, ನಾಲ್ಕು ತಂತಿಯ ಪುಟ್ಟ ವಾದ್ಯ, ಟೆನರ್ ಅದರ ಒಂದು ಅಳತೆ. ಅದರ ನಾಲ್ಕನೇ ತಂತಿ ಜಿಯನ್ನು ಒಂದು ಸಪ್ತಕ ಕೆಳಗಿನ ಸ್ವರಕ್ಕೆ ಇಟ್ಟರೆ ಅದು ಲೋ ಜಿ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕರಾವಳಿಯಲ್ಲಿದ್ದೀರಿ, ಟೆನರ್ ಯುಕುಲೆಲೆಯಲ್ಲಿ ರಾಗವನ್ನೋ ಭಾವಗೀತೆಯನ್ನೋ ಒಂದೊಂದೇ ಸ್ವರ ಹಿಡಿದು ನುಡಿಸುತ್ತೀರಿ ಎಂದಾದರೆ ಲೋಹದ ಸುತ್ತಿಲ್ಲದ ಫ್ಲೋರೋಕಾರ್ಬನ್ (ಒಂದು ಬಗೆಯ ಪ್ಲಾಸ್ಟಿಕ್) ಲೋ ಜಿ ತಗೊಳ್ಳಿ. ನನ್ನ ವಾದ್ಯದ ಮೇಲೆ ಈಗಿರುವುದು ಜಪಾನಿನ ವರ್ತ್ ತಂತಿ. ಕಾರವಾರದ ಮಳೆಗಾಲಗಳನ್ನು ಇಂಥ ತಂತಿಯಲ್ಲೂ ಕಳೆದಿದ್ದೇನೆ, ಅದಕ್ಕೂ ಮುಂಚೆ ಲೋಹ ಸುತ್ತಿದ ತಂತಿಯಲ್ಲೂ ಕಳೆದಿದ್ದೇನೆ. 5ಕ್ಕೆ 4 ಅಂಕ. ಉಳಿದ ಒಂದನ್ನು ಯಾಕೆ ಹಿಡಿದಿಟ್ಟುಕೊಂಡೆ ಅನ್ನುವುದು ಮುಂದೆ ಬರುತ್ತದೆ.

ಲೋ ಜಿ ಯಾಕೆ ಬೇಕು? ಅಂಗಡಿಯಿಂದ ಬರುವ ಯುಕುಲೆಲೆಯಲ್ಲಿ ಸಾಮಾನ್ಯವಾಗಿ ಇರುವುದು ಹೈ ಜಿ. ತಂತಿಗಳ ಸಾಲು ಜಿ, ಸಿ, ಇ, ಎ ಎಂದಿದ್ದರೂ ಎಲ್ಲಕ್ಕಿಂತ ತಗ್ಗಿನ ಸ್ವರ ನಾಲ್ಕನೇ ತಂತಿಯದಲ್ಲ, ಮೂರನೆಯ ಸಿಯದು. ಮದೇರಾ ದ್ವೀಪದಿಂದ 1879ರಲ್ಲಿ ಹವಾಯಿಗೆ ದುಡಿಯಲು ಹೋದ ಪೋರ್ಚುಗೀಸರ ಪುಟ್ಟ ವಾದ್ಯದಿಂದ ಬೆಳೆದದ್ದು ಯುಕುಲೆಲೆ. ಅದರ ಕಿಣಿಕಿಣಿ ಗುಣದಲ್ಲಿ ಈ ಹೈ ಜಿಯ ಪಾಲು ದೊಡ್ಡದು. ಕಾರ್ಡ್ (ಹಲವು ಸ್ವರ ಒಟ್ಟಿಗೆ) ಹಿಡಿದು ಹಾಡುವವರಿಗೆ ಅದೇ ಚಂದ. ಅವರು ಈ ವಿಮರ್ಶೆ ಇಲ್ಲಿಗೇ ಬಿಟ್ಟು ಹೋದರೂ ನಷ್ಟವಿಲ್ಲ. ಲೋ ಜಿ ಹಾಕಿದರೆ ಸ್ಟ್ರಮ್, ಅಂದರೆ ಎಲ್ಲ ತಂತಿ ಒಟ್ಟಿಗೆ ಸವರುವುದು, ಭಾರವಾಗುತ್ತದೆ, ಯುಕುಲೆಲೆಯ ತುಂಟತನ ಅರ್ಧ ಹೋಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಹಿಂದೂಸ್ತಾನಿ ಕೇಳಿ ಬೆಳೆದವರ ಕಷ್ಟ ಬೇರೆ. ಸಿ ತಂತಿಯನ್ನು ಸಾ ಮಾಡಿಕೊಳ್ಳಿ, ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಒಂದು. ಈಗ ಯಮನ್ ನುಡಿಸಲು ನೋಡಿ. ಅದರ ನಡೆ ಹೊರಡುವುದೇ ಮಂದ್ರ ನಿಷಾದದಿಂದ: ನಿ ರೆ ಗ. ಹೈ ಜಿ ವಾದ್ಯದಲ್ಲಿ ಸಾ ಬಿಟ್ಟು ಕೆಳಗೆ ಇಳಿಯಲು ಮೆಟ್ಟಿಲೇ ಇಲ್ಲ. ಭೂಪದಲ್ಲೂ ಅಷ್ಟೇ, ಸಾದಿಂದ ಮಂದ್ರ ಧೈವತ ಮುಟ್ಟಿ ಬರಲಾಗದಿದ್ದರೆ ಅದು ಭೂಪ ಹೇಗಾದೀತು? ಲೋ ಜಿ ಹಾಕಿದ ಕೂಡಲೇ ಬೆರಳೊತ್ತದೆ ಬಿಟ್ಟ ತಂತಿಯಲ್ಲೇ ಮಂದ್ರ ಪಂಚಮ ಸಿಗುತ್ತದೆ. ಫ್ರೆಟ್ ಎಂದರೆ ವಾದ್ಯದ ಕತ್ತಿನ ಮೇಲಿನ ಅಡ್ಡಪಟ್ಟಿ. ಎರಡನೇ ಫ್ರೆಟ್‌ನಲ್ಲಿ ಧೈವತ, ನಾಲ್ಕರಲ್ಲಿ ನಿಷಾದ, ಒಂದು ಮತ್ತು ಮೂರರಲ್ಲಿ ಅವುಗಳ ಕೋಮಲ ರೂಪ. ಒಂದೇ ಒಂದು ತಂತಿ ಬದಲಿಸಿದ್ದಕ್ಕೆ ಇಷ್ಟು ಲಾಭ.

ಇರುವ ಹೈ ಜಿ ತಂತಿಯನ್ನೇ ಸಡಿಲ ಮಾಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಒಂದು ಸಪ್ತಕ ಇಳಿಸಬೇಕೆಂದರೆ 392 ಹರ್ಟ್ಸ್ ಇದ್ದದ್ದು 196 ಆಗಬೇಕು, ಆಗ ಬಿಗಿತ ಕಾಲು ಭಾಗಕ್ಕೆ ಬೀಳುತ್ತದೆ, ತಂತಿ ಜೋಲುತ್ತದೆ. ಬಿಗಿತ ಹಾಗೇ ಇರಬೇಕೆಂದರೆ ತಂತಿ ನಾಲ್ಕು ಪಟ್ಟು ತೂಗಬೇಕು. ಅದೇ ವಸ್ತುವಿನಲ್ಲಾದರೆ ದಪ್ಪ ಎರಡು ಪಟ್ಟು ಬೇಕು. ಟೆನರ್‌ನ 17 ಇಂಚು ಉದ್ದಕ್ಕೆ ಫ್ಲೋರೋಕಾರ್ಬನ್ ಆದರೆ ಸುಮಾರು 0.9 ಮಿಲಿಮೀಟರ್, ನೈಲಾನ್ ಆದರೆ 1.1 ದಾಟುತ್ತದೆ. ಫ್ಲೋರೋಕಾರ್ಬನ್ನಿನ ಸಾಂದ್ರತೆ ನೀರಿನ 1.78 ಪಟ್ಟು, ನೈಲಾನ್‌ನದು 1.14 ಮಾತ್ರ, ಅದಕ್ಕೇ ಈ ವ್ಯತ್ಯಾಸ. ಇಟಲಿಯ ಅಕ್ವಿಲಾ ತನ್ನ ಕೆಂಪು ತಂತಿಗಳಲ್ಲಿ ಪ್ಲಾಸ್ಟಿಕ್ಕಿಗೆ ಲೋಹದ ಪುಡಿ ಬೆರೆಸಿ ಭಾರ ಹೆಚ್ಚಿಸುತ್ತದೆ. ಇನ್ನು ಹಳೆಯ ದಾರಿ ಎಂದರೆ ಗಿಟಾರ್‌ನ ಮಂದ್ರ ತಂತಿಗಳ ಹಾಗೆ ಒಳಗೆ ನೈಲಾನ್ ಎಳೆ, ಹೊರಗೆ ತೆಳು ಲೋಹದ ಸುತ್ತು.

ಈ ಸುತ್ತು ತಂತಿ ಹೊಸದರಲ್ಲಿ ಮನಸ್ಸು ಕದಿಯುತ್ತದೆ, ಸುಳ್ಳು ಹೇಳಬಾರದು. ನಾದ ಉದ್ದ ನಿಲ್ಲುತ್ತದೆ, ಮಂದ್ರ ಪಂಚಮ ಗುಂಯ್ ಎನ್ನುತ್ತದೆ, ಮೇಲಿನ ಫ್ರೆಟ್‌ಗಳಲ್ಲೂ ಶ್ರುತಿ ತಪ್ಪುವುದಿಲ್ಲ. ಆದರೆ ಪಕ್ಕದ ಮೂರು ತಂತಿಗಳು ಒಂದು ದನಿ, ಇದೊಂದೇ ಬೇರೆ ದನಿ. ಸಾದಿಂದ ಮಂದ್ರಕ್ಕೆ ಇಳಿದಾಗಲೆಲ್ಲ ಹಾಡುವವರೇ ಬದಲಾದ ಹಾಗೆ ಕೇಳಿಸುತ್ತದೆ. ಮೀಂಡ್ ತೆಗೆಯಲು ಬೆರಳು ಜಾರಿಸಿದರಂತೂ ಕೀರ್ ಎನ್ನುವ ಶಬ್ದ ಸ್ವರಕ್ಕಿಂತ ಮುಂದೆ ಬರುತ್ತದೆ. ಸುತ್ತನ್ನು ಉಜ್ಜಿ ನಯ ಮಾಡಿದ ಫ್ರೀಮಾಂಟ್ ಸೊಲೋಯಿಸ್ಟ್‌ನಂಥವು ಈ ಕೀರಲು ಕಡಿಮೆ ಮಾಡಲೆಂದೇ ಬಂದವು.

ದೊಡ್ಡ ಶತ್ರು ಗಾಳಿ. ನಾನಿರುವುದು ಕೋಡಿಬಾಗದಲ್ಲಿ, ಕಾಳಿ ಸಮುದ್ರ ಸೇರುವ ಕಡೆ. ಕಿಟಕಿ ಸರಳಿಗೆ ಬಣ್ಣ ನಿಲ್ಲುವುದಿಲ್ಲ, ಸೈಕಲ್ ಚೈನು ತುಕ್ಕು ಹಿಡಿಯುತ್ತದೆ, ಇನ್ನು ಕೂದಲೆಳೆಯಂಥ ತಾಮ್ರದ ಸುತ್ತು ಎಲ್ಲಿ ಉಳಿಯಬೇಕು? ಜೂನ್ ಬಂತೆಂದರೆ ಬೆರಳು ತಾಗುವ ಕಡೆಯೆಲ್ಲ ಕಪ್ಪಾಗಲು ಶುರು, ಸೆಪ್ಟೆಂಬರ್ ಹೊತ್ತಿಗೆ ದನಿ ಸತ್ತಿರುತ್ತದೆ. ಜೊತೆಗೆ ಎರಡನೇ, ನಾಲ್ಕನೇ ಫ್ರೆಟ್ ಮೇಲೆ, ಅಂದರೆ ನಾವು ಹೆಚ್ಚು ಒತ್ತುವ ಧೈವತ ನಿಷಾದಗಳಲ್ಲೇ, ಸುತ್ತು ಸವೆದು ಒಳಗಿನ ಎಳೆ ಇಣುಕುತ್ತದೆ. ಅಂಥದೇ ತಂತಿ ಶಿರಸಿಯ ನಮ್ಮ ಮನೆಯಲ್ಲಿ ಇನ್ನೂ ಚೆನ್ನಾಗಿ ಬಾಳಿದ್ದನ್ನೂ ಕಂಡಿದ್ದೇನೆ. ಅಲ್ಲಿ ಮಳೆ ಕಡಿಮೆಯೇನಲ್ಲ, ಥಂಡಿಯೂ ಕಡಿಮೆಯಲ್ಲ, ಉಪ್ಪು ಮಾತ್ರ ಇಲ್ಲ. ಹಾಗಾಗಿ ಘಟ್ಟದ ಮೇಲಿನವರು ಸುತ್ತು ತಂತಿಯನ್ನು ಧೈರ್ಯವಾಗಿ ತರಿಸಬಹುದು. ನುಡಿಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿಟ್ಟರೆ ಸಾಕು.

ಫ್ಲೋರೋಕಾರ್ಬನ್ ನೀರು ಹೀರುವುದಿಲ್ಲ ಎನ್ನಬಹುದು, ತುಕ್ಕಿನ ಪ್ರಶ್ನೆಯೇ ಇಲ್ಲ. ಹಾಕಿದ ಮೊದಲ ಕೆಲವು ದಿನ ಎಳೆದೆಳೆದು ಶ್ರುತಿ ಇಳಿಯುತ್ತದೆ, ಆಮೇಲೆ ಕೂತಲ್ಲಿ ಕೂರುತ್ತದೆ. ಆಷಾಢದ ಜಡಿಮಳೆಯಲ್ಲೂ ಚೀಲದಿಂದ ತೆಗೆದರೆ ಕಿವಿ ಹಿಂಡುವ ಕೆಲಸ ಅಷ್ಟಾಗಿ ಇರುವುದಿಲ್ಲ. ನಾಲ್ಕೂ ತಂತಿ ಒಂದೇ ವಸ್ತುವಾದ್ದರಿಂದ ಮಂದ್ರದಿಂದ ಮಧ್ಯಕ್ಕೆ ಏರುವಾಗ ದನಿ ಮುರಿಯುವುದಿಲ್ಲ, ನನಗೆ ಇದೇ ಎಲ್ಲಕ್ಕಿಂತ ದೊಡ್ಡದು. ವರ್ತ್ ಎಳೆಗಳು ಎರಡು ಸಲ ಹಾಕುವಷ್ಟು ಉದ್ದ ಬರುತ್ತವೆ, ಬೆಲೆ ನೋಡಿ ಹೆದರಿದವರಿಗೆ ಅದೊಂದು ಸಮಾಧಾನ.

ಕಳೆದ ಅಂಕದ ಲೆಕ್ಕ ಈಗ. ಇಷ್ಟು ದಪ್ಪದ ಎಳೆಗೆ ಬಾಗುವುದೆಂದರೆ ಆಗದು. ಬಿಟ್ಟ ತಂತಿಯಲ್ಲಿ ತುಂಬು ದನಿ, ಏಳನೇ ಫ್ರೆಟ್ ದಾಟಿದರೆ ಧಪ್ ಎಂದು ಮುಗಿಯುತ್ತದೆ, ಶ್ರುತಿಯೂ ಚೂರು ಏರಿ ಕೇಳುತ್ತದೆ. ಆ ಸ್ವರಗಳು ಮೂರನೇ ತಂತಿಯಲ್ಲಿ ಹೇಗೂ ಸಿಗುತ್ತವಾದ್ದರಿಂದ ನಾನು ಅತ್ತ ಹೋಗುವುದೇ ಇಲ್ಲ. ನಾದದ ಆಯಸ್ಸೂ ಸುತ್ತು ತಂತಿಯಷ್ಟಿಲ್ಲ. ವಿಲಂಬಿತದಲ್ಲಿ ನಿಧಾನಕ್ಕೆ ಸ್ವರ ಬೆಳೆಸುವವರಿಗೆ ಈ ಕೊರತೆ ತಟ್ಟೀತು.

ನಟ್ ಬಗ್ಗೆ ಮರೆಯಬೇಡಿ, ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ ಅದು. ಹೈ ಜಿಗೆ ಕೊರೆದ ಕಚ್ಚಿನಲ್ಲಿ ಲೋ ಜಿ ಕೂರುವುದಿಲ್ಲ, ಮೇಲೇ ತೇಲುತ್ತದೆ. ಆಗ ಮೊದಲೆರಡು ಫ್ರೆಟ್ ಒತ್ತಿದಾಗ ಸ್ವರ ಏರಿಹೋಗುತ್ತದೆ. ತಂತಿ ಕೆಟ್ಟದು ಎಂದು ಬೈಯುವವರಲ್ಲಿ ಅರ್ಧ ಜನ ಕಚ್ಚು ಅಗಲ ಮಾಡಿಸದವರು. ನನಗೆ ಇದನ್ನು ಮಾಡಿಕೊಟ್ಟದ್ದು ಗಂಧದ ಕೆತ್ತನೆಯ ಗುಡಿಗಾರರೊಬ್ಬರು. ವಾದ್ಯ ತಿರುಗಿಸಿ ನೋಡಿ, "ಹೊಸ ತಂತಿನೂ ಇಲ್ಲೇ ಕೊಟ್ಟು ಹೋಗಿ ಮಾರಾಯ್ರೆ, ಅದನ್ನ ಕೂರಿಸಿ ನೋಡ್ತಾ ತೆಗೀತೆ. ಒಮ್ಮೆ ತೆಗೆದ್ರೆ ಮತ್ತೆ ಹಾಕುಕೆ ಬರೂದಿಲ್ಲ" ಅಂದರು. ಸಣ್ಣ ಅರದಲ್ಲಿ ಅಗಲವನ್ನಷ್ಟೇ ಹೆಚ್ಚಿಸಿದರು, ಆಳ ಮುಟ್ಟಲಿಲ್ಲ. ಅದೇ ಸರಿ. ಆಳ ಹೆಚ್ಚಾದರೆ ತಂತಿ ಫ್ರೆಟ್‌ಗೆ ಬಡಿದು ಝುರ್ ಎನ್ನುತ್ತದೆ.

ಇನ್ನೊಂದು ಮಾತು, ಮೀನುಗಾರಿಕೆಯ ಊರಿನವರಿಗೆ. ಫ್ಲೋರೋಕಾರ್ಬನ್ ಮೊದಲು ಬಂದದ್ದು ಗಾಳದ ದಾರವಾಗಿ. ಜಪಾನಿನ ಕುರೇಹಾ ಅದನ್ನು 1971ರಲ್ಲೇ ತಂದಿತ್ತು. ನೀರಲ್ಲಿ ಮೀನಿನ ಕಣ್ಣಿಗೆ ಸುಲಭಕ್ಕೆ ಬೀಳದು ಎಂಬುದು ಅದರ ಹೆಚ್ಚುಗಾರಿಕೆ. ಹಾಗಾಗಿ ಗಾಳದ ಸಾಮಾನಿನ ಅಂಗಡಿಯಲ್ಲಿ 0.9 ಮಿಲಿಮೀಟರ್ ಫ್ಲೋರೋಕಾರ್ಬನ್ ಲೀಡರ್ ದಾರ (ಗಾಳದ ಕೊಕ್ಕೆಯ ಕಡೆ ಕಟ್ಟುವ ದಾರ) ಕೇಳಿ ತಂದು ಹಾಕಿದರೂ ನಡೆಯುತ್ತದೆ, ನಾನೂ ಹಾಕಿ ನೋಡಿದ್ದೇನೆ. "ಯಾವ ಮೀನಿಗೆ?" ಎಂದು ಕೇಳಿದರೆ ಉತ್ತರ ಸಿದ್ಧವಿರಲಿ. ದಪ್ಪ ಎಲ್ಲ ಕಡೆ ಒಂದೇ ಸಮ ಇದೆಯೇ ಎಂಬುದು ಮಾತ್ರ ಅದೃಷ್ಟದ ಪ್ರಶ್ನೆ, ಏರುಪೇರಿದ್ದರೆ ಯಾವ ಫ್ರೆಟ್‌ನಲ್ಲೂ ಶ್ರುತಿ ಸೇರದು. ಬಲೆಯ ನೈಲಾನ್ ಎಳೆ ತರಬೇಡಿ, ಅದು ಬೇರೆ ವಸ್ತು.

ಮಕ್ಕಳ ಕಾನ್ಸರ್ಟ್ ಯುಕುಲೆಲೆಗೆ, ಅಂದರೆ ಟೆನರ್‌ಗಿಂತ ಚಿಕ್ಕ ಅಳತೆಯದಕ್ಕೆ, ಇದೇ ತಂತಿ ಆಗುತ್ತದಾ ಎಂದು ಕೇಳುತ್ತಾರೆ. ಕಾನ್ಸರ್ಟ್‌ನ ಉದ್ದ 15 ಇಂಚು. ಟೆನರ್‌ನ ಎಳೆಯನ್ನೇ ಅದಕ್ಕೆ ಹಾಕಿ ಅದೇ ಸ್ವರಕ್ಕೆ ತಂದರೆ ಬಿಗಿತ ಐದನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯುತ್ತದೆ, ಬೆರಳಿಗೆ ಮೆತ್ತಗಾಗುತ್ತದೆ. ಪೊಟ್ಟಣದ ಮೇಲೆ ಕಾನ್ಸರ್ಟ್ ಲೋ ಜಿ ಎಂದಿರುವುದನ್ನೇ ನೋಡಿ ತರಿಸಿ.